ಕಲ್ಲು ದೂರ, ತಿಥಿ ಹತ್ತಿರ: ಅಗಲಿದ ಕಲಾವಿದರನ್ನು ಕನ್ನಡಿಗರು ನೆನೆದ ಬಗೆ

ದೆಹಲಿಯ ಸರೋಜಿನಿ ನಗರಕ್ಕೆ ಅಕ್ಟೋಬರ್ 29 ಸಾವಿನ ದಿನ. 2005ರಲ್ಲಿ ಆ ದಿನ ಸಂಜೆ, ದೀಪಾವಳಿಗೆ ಇನ್ನು ಮೂರೇ ದಿನವಿದೆ ಎನ್ನುವಾಗ, ಇಲ್ಲಿನ ಮಾರುಕಟ್ಟೆಯಲ್ಲಿ ಬಾಂಬ್ ಸಿಡಿಯಿತು. ಅದೇ ಹೊತ್ತಿಗೆ ಪಹಾಡ್‌ಗಂಜ್ ಮತ್ತು ಗೋವಿಂದಪುರಿಯಲ್ಲೂ ಸ್ಫೋಟಗಳಾದವು. ಎಲ್ಲ ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ಆ ತಾರೀಖಿಗೆ ಸತ್ತವರ ಮನೆಯವರು ಮಾರುಕಟ್ಟೆಗೆ ಬಂದು ಹೂವಿಟ್ಟು ದೀಪ ಹಚ್ಚುವುದು ಅಂದಿನಿಂದ ನಡೆದುಬಂದಿದೆ. ಹದಿನಾರು ವರ್ಷದ ಮೇಲೆ, 2021ರಲ್ಲಿ, ಅದೇ ತಾರೀಖು ಇಲ್ಲಿನ ಕನ್ನಡದ ಮನೆಗಳಿಗೆ ಇನ್ನೊಂದು ಸಾವನ್ನು ತಂದಿತು. ಬೆಂಗಳೂರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಅವರಿಗಾಗ 46 ವರ್ಷ. ತಾರೀಖು ಒಂದೇ, ನೆನಪು ಎರಡು. ಮೊದಲನೆಯ ನೆನಪಿಗೆ ಹೋಗಿ ನಿಲ್ಲಲು ಮನೆಯ ಪಕ್ಕದಲ್ಲೇ ಜಾಗವಿದೆ. ಎರಡನೆಯದರ ಸಮಾಧಿ ರೈಲಿನಲ್ಲಿ ಎರಡು ರಾತ್ರಿಯಷ್ಟು ದೂರ.

ನನ್ನ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ. ಮೆಚ್ಚಿನ ಕಲಾವಿದ ಸತ್ತಾಗ ನೆನಪು ಯಾವುದಕ್ಕೆ ಅಂಟಿಕೊಳ್ಳುತ್ತದೆ? ನೆಲಕ್ಕೋ, ದಿನಕ್ಕೋ, ಅವರ ಹೆಸರಿನಲ್ಲಿ ಮಾಡುವ ಕೆಲಸಕ್ಕೋ? ಕನ್ನಡದ ಸ್ಮರಣೆಯ ಇತಿಹಾಸವನ್ನು ಹಿಂದಿನಿಂದ ನೋಡುತ್ತಾ ಬಂದರೆ ನೆಲದ ಮೇಲಿನ ಗುರುತು ಮತ್ತು ಹೆಸರಿನ ಮೇಲಿನ ದಾನ ಎರಡೂ ಜೊತೆಜೊತೆಗೆ ಸಾಗಿರುವುದು ಕಾಣುತ್ತದೆ. ಅವೆರಡರಲ್ಲಿ ಊರು ಬಿಟ್ಟು ಹೊರಟವರ ಜೊತೆ ಬಂದದ್ದು, ಹೆಚ್ಚು ಕಾಲ ಬಾಳಿದ್ದು ದಾನವೇ ಎಂಬುದು ನನ್ನ ವಾದ.

ಮೊದಲಿಗೆ ಕಲ್ಲು. ವೀರಗಲ್ಲು, ಮಾಸ್ತಿಕಲ್ಲು, ನಿಸಿಧಿಗಲ್ಲು ಎಂದು ಸಾವಿನ ಬಗೆಗೊಂದು ಕಲ್ಲು ನಿಲ್ಲಿಸಿದ ನಾಡು ನಮ್ಮದು. ಆದರೆ ಬರೀ ಕಲ್ಲು ನಿಲ್ಲಿಸಿ ಸುಮ್ಮನಾದವರಲ್ಲ. ವೀರನ ಮನೆಯವರಿಗೆ ಬಿಟ್ಟ ಭೂಮಿಗೆ ಶಾಸನಗಳಲ್ಲಿ ನೆತ್ತರುಗೊಡಗೆ, ಬಾಳ್ಗಳ್ಚು ಎಂಬ ಹೆಸರುಗಳಿವೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಹೊತ್ತಿಗೆ ಕಾಳಿ ಎಂಬ ಬೇಟೆನಾಯಿಗೆ ನಿಲ್ಲಿಸಿದ ಕಲ್ಲು ಈ ವಿಷಯದಲ್ಲಿ ನನಗೆ ಬಹಳ ಮುಖ್ಯ. ಹಂದಿಯೊಡನೆ ಹೋರಾಡಿ ಸತ್ತ ಆ ನಾಯಿಯ ಕಲ್ಲಿಗೆ ಭೂಮಿ ಬಿಟ್ಟರು. ಅದನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತದೆ ಎಂದೂ ಬರೆಸಿದರು. ಕಲ್ಲು ತಾನಾಗಿ ನೆನಪಿಡುವುದಿಲ್ಲ, ನೆನೆಯುವ ಕೆಲಸವನ್ನು ಯಾರಾದರೂ ದಿನವೂ ಮಾಡಬೇಕು ಎಂದು ಕಲ್ಲು ನಿಲ್ಲಿಸಿದವರಿಗೇ ಗೊತ್ತಿತ್ತು. ಮುಂದಿನ ಸಾವಿರ ವರ್ಷದ ಕಥೆಗೆ ಈ ಒಂದು ಎಚ್ಚರಿಕೆಯೇ ಪೀಠಿಕೆ.

ಕಲಾವಿದನಿಗೆ ಇಂಥ ಗೌರವ ಸಿಕ್ಕಿದ್ದು ಬಹಳ ತಡವಾಗಿ. ಪಟ್ಟದಕಲ್ಲಿನ ಶಾಸನವೊಂದು ಅಚಲನೆಂಬ ನಟನನ್ನು ಹೊಗಳುತ್ತದೆ, ನಿಜ. ಆದರೆ ನಟನ ಸಾವಿಗೆ ಊರೇ ಸೂತಕ ಹಿಡಿಯುವ ಪದ್ಧತಿ ವೃತ್ತಿನಾಟಕ ಕಂಪನಿಗಳ ಕಾಲದ್ದು. 1946ರಲ್ಲಿ ತೀರಿಕೊಂಡ ಬಳ್ಳಾರಿ ರಾಘವರ ಹೆಸರು ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ಉಳಿಯಿತು. 1972ರಲ್ಲಿ ತೀರಿಕೊಂಡ ಗುಬ್ಬಿ ವೀರಣ್ಣನವರ ಹೆಸರಿನಲ್ಲಿ ರಾಜ್ಯ ಸರ್ಕಾರ ವೃತ್ತಿರಂಗಭೂಮಿಯ ಕಲಾವಿದರಿಗೆ ಪ್ರಶಸ್ತಿ ಕೊಡುತ್ತಿದೆ. ಅವರಿಗೆ ದೊರೆತದ್ದು ಗೋರಿಗಿಂತ ದೊಡ್ಡದು: ಇನ್ನೊಬ್ಬ ನಟ ಬಣ್ಣ ಹಚ್ಚಿ ನಿಲ್ಲಲು ಒಂದು ವೇದಿಕೆ, ಇನ್ನೊಬ್ಬನ ಕೈಗೆ ಒಂದು ಗೌರವ.

ಈ ಬಗೆಯ ಸ್ಮರಣೆ ನಾಡಿನ ಗಡಿ ದಾಟಿದ್ದಕ್ಕೆ ಸವಾಯಿ ಗಂಧರ್ವರ ಪುಣ್ಯತಿಥಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕುಂದಗೋಳದ ರಾಮಭಾವು, ಅಬ್ದುಲ್ ಕರೀಂ ಖಾನರ ಶಿಷ್ಯ, ಸಂಗೀತ ನಾಟಕಗಳ ಸ್ತ್ರೀಪಾತ್ರಗಳಲ್ಲಿ ಜನರನ್ನು ಗೆದ್ದವರು. ಸವಾಯಿ ಗಂಧರ್ವ ಎಂಬ ಬಿರುದು ಅವರಿಗೆ ರಂಗದ ಮೇಲಿನ ಗಾಯನದಿಂದ ಬಂತು. 1952ರ ಸೆಪ್ಟೆಂಬರ್ 12ರಂದು ಅವರು ತೀರಿಕೊಂಡರು. ಮರುವರ್ಷ ಶಿಷ್ಯ ಭೀಮಸೇನ ಜೋಶಿ ಪುಣೆಯಲ್ಲಿ ಗುರುವಿನ ಹೆಸರಿನ ಸಂಗೀತೋತ್ಸವವನ್ನು ಶುರುಮಾಡಿದರು. ಕುಂದಗೋಳದಲ್ಲೂ ಪುಣ್ಯತಿಥಿಯ ಹಾಡಿಕೆ ನಡೆಯಿತು. ಪುಣೆಯದು ದೇಶದ ದೊಡ್ಡ ಸಂಗೀತೋತ್ಸವಗಳಲ್ಲಿ ಒಂದಾಗಿ ಬೆಳೆದು, ಈಗ ಗುರುವಿನ ಜೊತೆ ಶಿಷ್ಯನ ಹೆಸರನ್ನೂ ಹೊತ್ತಿದೆ. ತಿಥಿಯೊಂದು ಹೀಗೆ ಪರವೂರಿನಲ್ಲಿ ಬೇರು ಬಿಡಲು ಕಾರಣ ಸ್ಪಷ್ಟ. ಅಲ್ಲಿಗೆ ಸಾಗಿಸಬೇಕಾದದ್ದು ತಂಬೂರಿ ಮತ್ತು ತಾರೀಖು ಎರಡೇ.

ಸಿನಿಮಾ ಬಂದ ಮೇಲೆ ಶೋಕದ ಅಳತೆಯೇ ಬದಲಾಯಿತು. ಡಾ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಬೆಂಗಳೂರು ತನ್ನ ಹಿಡಿತದಲ್ಲಿ ತಾನಿರಲಿಲ್ಲ. ಅಂತ್ಯದರ್ಶನದ ವ್ಯವಸ್ಥೆ ಕುಸಿದು, ಕಲ್ಲುತೂರಾಟ, ಬೆಂಕಿ, ಗೋಲಿಬಾರ್ ನಡೆದು ಒಬ್ಬ ಪೊಲೀಸ್ ಪೇದೆಯೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ಮರುದಿನ ಕಂಠೀರವ ಸ್ಟುಡಿಯೊದಲ್ಲಿ ಮಣ್ಣು ಮಾಡಿದರು. ಅಭಿಮಾನಿಗಳನ್ನು ದೇವರುಗಳೆಂದು ಕರೆದ ಮನುಷ್ಯನ ಸಾವಿನಲ್ಲಿ ಅಭಿಮಾನಿಗಳ ಜೀವ ಹೋದದ್ದು ನಮ್ಮ ಸ್ಮರಣೆಯ ಇತಿಹಾಸದ ಅತ್ಯಂತ ನೋವಿನ ಪುಟ, ಅದನ್ನು ಮುಚ್ಚಿಡಬಾರದು.

ಅದೇ ದಿನ ಇನ್ನೊಂದು ಕೆಲಸವೂ ನಡೆಯಿತು. ರಾಜ್‌ಕುಮಾರ್ ತಮ್ಮ ಹೆಸರಿನ ನೇತ್ರ ಬ್ಯಾಂಕನ್ನು 1994ರಲ್ಲಿ ನಾರಾಯಣ ನೇತ್ರಾಲಯದಲ್ಲಿ ಉದ್ಘಾಟಿಸಿ, ಮನೆಯವರೆಲ್ಲರ ಕಣ್ಣುಗಳನ್ನು ದಾನವಾಗಿ ಬರೆದುಕೊಟ್ಟಿದ್ದರು. ಸತ್ತ ದಿನ ಆ ಮಾತು ನಡೆಯಿತು. ಗಲಭೆಯ ಸುದ್ದಿಯಡಿ ಹೂತುಹೋದ ಈ ಸಂಗತಿಯೇ ಮುಂದೆ ದೊಡ್ಡದಾಗಿ ಬೆಳೆಯಿತು. ಮಗ ಪುನೀತ್ ತೀರಿಕೊಂಡಾಗ ಅವರ ಎರಡು ಕಣ್ಣು ನಾಲ್ವರಿಗೆ ಬೆಳಕಾದವು. ವೈದ್ಯರು ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಎಂದು ಬೇರ್ಪಡಿಸಿ, ಮುಂಪದರ ಕೆಟ್ಟಿದ್ದ ಇಬ್ಬರಿಗೆ, ಹಿಂಪದರ ಕೆಟ್ಟಿದ್ದ ಇಬ್ಬರಿಗೆ ಜೋಡಿಸಿದರು. ಆಮೇಲೆ ಕರ್ನಾಟಕದ ಊರೂರುಗಳಲ್ಲಿ ಜನ ಕಣ್ಣುದಾನಕ್ಕೆ ಹೆಸರು ಬರೆಸಲು ಸಾಲು ನಿಂತರು. ನೆತ್ತರುಗೊಡಗೆಯ ನಾಡಿನಲ್ಲಿ ಇದು ಹೊಸ ಕೊಡಗೆ. ಮೊದಲಿನದನ್ನು ರಾಜ ಕೊಡುತ್ತಿದ್ದ, ಇದನ್ನು ಸತ್ತವರೇ ಕೊಟ್ಟು ಹೋದರು.

2006ನ್ನೂ 2021ನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಪುನೀತ್ ಪಾರ್ಥಿವ ಶರೀರವನ್ನು ಕಂಠೀರವ ಕ್ರೀಡಾಂಗಣದಲ್ಲಿಟ್ಟು, ಲಕ್ಷಾಂತರ ಜನ ಎರಡು ದಿನ ಸಾಲಿನಲ್ಲಿ ಬಂದು ನೋಡಿದ ಮೇಲೆ, ಅಕ್ಟೋಬರ್ 31ರ ಬೆಳಗ್ಗೆ ತಂದೆ ತಾಯಿಯ ಸಮಾಧಿಗಳ ಬಳಿ ಮಣ್ಣು ಮಾಡಿದರು. ಆಮೇಲೆ ಹಾಲು-ತುಪ್ಪ. ನವೆಂಬರ್ 9ರಂದು ಅರಮನೆ ಮೈದಾನದಲ್ಲಿ ಸಾವಿರಾರು ಅಭಿಮಾನಿಗಳಿಗೆ ಅನ್ನಸಂತರ್ಪಣೆ, 16ರಂದು ಚಿತ್ರರಂಗದ ‘ಪುನೀತ ನಮನ’. ಒಂದು ಮನೆಯ ಹನ್ನೆರಡನೇ ದಿನದ ಊಟಕ್ಕೆ ಇಡೀ ನಾಡು ಬಂಧುವಾಗಿ ಕುಳಿತಂತಾಯಿತು. ಸರ್ಕಾರದ ಸಿದ್ಧತೆ ಈ ಸಲ ಚೆನ್ನಾಗಿತ್ತು ಎನ್ನುವುದು ಅರ್ಧ ಉತ್ತರ. ಅಭಿಮಾನಿಗಳ ಕೈಗೆ ಮಾಡಲು ಕೆಲಸವಿತ್ತು ಎನ್ನುವುದು ಇನ್ನರ್ಧ. ಸಾಲು ನಿಲ್ಲುವುದು, ಬಡಿಸುವುದು, ರಕ್ತ ಕೊಡುವುದು, ಕಣ್ಣು ಬರೆದುಕೊಡುವುದು. ಮಾಡಲು ಏನಾದರೂ ಇದ್ದ ದುಃಖ ಕಲ್ಲು ಎತ್ತಿಕೊಳ್ಳಲಿಲ್ಲ.

ನೆಲವನ್ನೇ ನಂಬಿದ ಸ್ಮರಣೆಯ ಗತಿ ಏನೆಂಬುದಕ್ಕೆ ಡಾ. ವಿಷ್ಣುವರ್ಧನ್ ಅವರ ಸಮಾಧಿಯ ಕಥೆಯನ್ನು ಸಂಕಟದಿಂದಲೇ ಹೇಳಬೇಕಾಗಿದೆ. ಅವರು ತೀರಿಕೊಂಡದ್ದು 2009ರ ಡಿಸೆಂಬರ್ 30, ಮೈಸೂರಿನಲ್ಲಿ. ಅಂತ್ಯಸಂಸ್ಕಾರ ಬೆಂಗಳೂರಿನ ಅಭಿಮಾನ್ ಸ್ಟುಡಿಯೊದಲ್ಲಿ. ಹಾಸ್ಯನಟ ಬಾಲಕೃಷ್ಣ ಅವರಿಗೆ ಸ್ಟುಡಿಯೊ ಕಟ್ಟಲೆಂದು ಸರ್ಕಾರ ಕೊಟ್ಟಿದ್ದ ಜಾಗ ಅದು, ಆಮೇಲೆ ವ್ಯಾಜ್ಯಕ್ಕೆ ಸಿಕ್ಕಿತು. ವರ್ಷಗಟ್ಟಲೆ ಎಳೆದಾಡಿ, ಕೊನೆಗೆ ಸರ್ಕಾರ ಸ್ಮಾರಕ ಕಟ್ಟಿದ್ದು ಮೈಸೂರಿನ ಹೊರಗೆ, ಉದ್ಬೂರಿನ ಬಳಿ. ಉದ್ಘಾಟನೆಯಾದದ್ದು 2023ರ ಜನವರಿ 29ರಂದು. ಅಭಿಮಾನ್ ಸ್ಟುಡಿಯೊದಲ್ಲಿದ್ದ ಸಮಾಧಿಯನ್ನು 2025ರ ಆಗಸ್ಟ್‌ನಲ್ಲಿ ರಾತ್ರೋರಾತ್ರಿ ಕೆಡವಿದರು. ಹದಿನೈದು ವರ್ಷ ಅಲ್ಲಿಗೆ ಹೂವು ಹೊತ್ತು ಬಂದವರಿಗೆ ಮರುದಿನ ಕಂಡದ್ದು ಬರಿಯ ಮಣ್ಣು. ಮುಂದಿನ ತಿಂಗಳು ಅವರಿಗೂ, ಅದೇ ವರ್ಷದ ಜುಲೈಯಲ್ಲಿ ತೀರಿಕೊಂಡಿದ್ದ ಬಿ. ಸರೋಜಾದೇವಿ ಅವರಿಗೂ ಮರಣೋತ್ತರ ಕರ್ನಾಟಕ ರತ್ನ ಘೋಷಣೆಯಾಯಿತು. ಬಿರುದನ್ನು ಯಾರೂ ಕೆಡವಲಾರರು. ಆದರೂ ಆ ನೆಲದ ನೋವು ಬಿರುದಿನಿಂದ ಆರುವಂಥದ್ದಲ್ಲ, ಆರಬೇಕೆಂದು ಕೇಳುವುದೂ ತಪ್ಪು.

ಶಂಕರ್‌ನಾಗ್ ಅವರ ದಾರಿಯೇ ಬೇರೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನ ಬಳಿ ಅಪಘಾತದಲ್ಲಿ ಹೋದಾಗ ಅವರಿಗೆ 36 ತುಂಬಿರಲಿಲ್ಲ. ಆಟೊಗಳ ಹಿಂಬದಿ, ಆಟೊ ನಿಲ್ದಾಣಗಳ ಫಲಕ, ರಾಜ್ಯೋತ್ಸವದ ತೋರಣ ಎಲ್ಲೆಲ್ಲೂ ಅವರ ಮುಖವಿದೆ. ‘ಆಟೋರಾಜ’ ಚಿತ್ರ ಬಂದು ನಾಲ್ಕು ದಶಕ ಕಳೆದರೂ, ತಾವು ಹುಟ್ಟುವ ಮೊದಲೇ ತೀರಿಕೊಂಡ ನಟನನ್ನು ಆಟೊ ಓಡಿಸುವ ಹುಡುಗರು ‘ಶಂಕ್ರಣ್ಣ’ ಎಂದೇ ಕರೆಯುತ್ತಾರೆ. ಪತ್ನಿ ಅರುಂಧತಿ ನಾಗ್ ಕಟ್ಟಿ ನಿಲ್ಲಿಸಿದ ರಂಗಮಂದಿರ ರಂಗಶಂಕರ 2004ರಲ್ಲಿ ಬಾಗಿಲು ತೆರೆಯಿತು. ದೆಹಲಿಯ ಮನೆಗಳಿಗೆ ಶಂಕರ್‌ನಾಗ್ ಬಂದದ್ದು ‘ಮಾಲ್ಗುಡಿ ಡೇಸ್’ ಮೂಲಕ. ಆಗುಂಬೆಯಲ್ಲಿ ಚಿತ್ರೀಕರಿಸಿದ ಆ ಧಾರಾವಾಹಿ ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಹಿಂದಿಯಲ್ಲಿ ಬಂದಾಗ, ಸರ್ಕಾರಿ ಕ್ವಾರ್ಟರ್ಸಿನ ಕನ್ನಡಿಗರು ಪಕ್ಕದ ಮನೆಯವರಿಗೆ ‘ಇದು ನಮ್ಮೂರ ಕಡೆ’ ಎಂದು ಹೇಳಿಕೊಳ್ಳಲು ಒಂದು ಅವಕಾಶವಾಯಿತು. ನೆನಪು ಹೀಗೆ ಹಂಚಿಕೊಂಡ ನೋಟದಲ್ಲೂ ನಿಲ್ಲುತ್ತದೆ.

ದೆಹಲಿಗೆ ತನ್ನದೇ ನೆನಪುಗಳೂ ಇವೆ. ಗಿರೀಶ ಕಾರ್ನಾಡರ ‘ತುಘಲಕ್’ ನಾಟಕವನ್ನು ಇಬ್ರಾಹಿಂ ಅಲ್ಕಾಜಿ 1974ರಲ್ಲಿ ಇಲ್ಲಿಯ ಪುರಾನಾ ಕಿಲಾದಲ್ಲಿ ಆಡಿಸಿದರು. ಬಿ.ವಿ. ಕಾರಂತರು 1977ರಿಂದ ಕೆಲವು ವರ್ಷ ರಾಷ್ಟ್ರೀಯ ನಾಟಕ ಶಾಲೆಯನ್ನು ನಡೆಸಿದರು. ಕಾರ್ನಾಡರು 2019ರ ಜೂನ್ 10ರಂದು ತೀರಿಕೊಂಡಾಗ ಅವರ ಇಚ್ಛೆಯಂತೆ ಸರ್ಕಾರಿ ಗೌರವವೂ ಇರಲಿಲ್ಲ, ವಿಧಿಯೂ ಇರಲಿಲ್ಲ. ಸ್ಮಾರಕವೇ ಬೇಡವೆನ್ನುವುದೂ ಸ್ಮರಣೆಯ ಒಂದು ಕ್ರಮ. ಸಂಚಾರಿ ವಿಜಯ್ 2015ರಲ್ಲಿ ಇಲ್ಲಿಗೆ ಬಂದು ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಪಡೆದರು. ಆರು ವರ್ಷದ ಮೇಲೆ ಅಪಘಾತದಲ್ಲಿ ಮಿದುಳು ನಿಷ್ಕ್ರಿಯವಾದಾಗ ಮನೆಯವರು ಅವರ ಅಂಗಾಂಗಗಳನ್ನು ದಾನ ಮಾಡಿದರು. ಅಲ್ಲಿಯೂ ಕೊಡಗೆಯೇ.

ಇನ್ನು ಸರೋಜಿನಿ ನಗರ. ಮೊದಲು ಇದು ವಿನಯ್ ನಗರ, ಕೇಂದ್ರ ಸರ್ಕಾರಿ ನೌಕರರ ಕಾಲೊನಿ. ದಕ್ಷಿಣದಿಂದ ವರ್ಗವಾಗಿ ಬಂದವರು ಇಲ್ಲಿ ಸಂಸಾರ ಹೂಡಿದರು. ವಿನಾಯಕ ಮಂದಿರ ಅವರ ಗುರುತು. ಇಲ್ಲಿಂದ ಮೆಟ್ರೊದಲ್ಲಿ ಎರಡನೇ ನಿಲ್ದಾಣಕ್ಕೆ ಸರ್ ವಿಶ್ವೇಶ್ವರಯ್ಯನವರ ಹೆಸರಿದೆ. 1948ರಲ್ಲಿ ಹುಟ್ಟಿದ ದೆಹಲಿ ಕರ್ನಾಟಕ ಸಂಘದ ಕಟ್ಟಡ ರಾಮಕೃಷ್ಣಪುರಂನಲ್ಲಿದೆ. ಕನ್ನಡ ಸಿನಿಮಾ ಇಲ್ಲಿನ ಟಾಕೀಸಿಗೆ ಅಪರೂಪವಾಗಿದ್ದ ಕಾಲದಲ್ಲಿ ಭಾನುವಾರ ಮಧ್ಯಾಹ್ನ ಒಂದೂವರೆಗೆ ದೂರದರ್ಶನ ತೋರಿಸುತ್ತಿದ್ದ ಪ್ರಾದೇಶಿಕ ಭಾಷೆಗಳ ಚಿತ್ರವೇ ಗತಿ. ಕನ್ನಡದ ಸರದಿ ಬಂದ ವಾರ ಮನೆಯಲ್ಲಿ ಊಟ ಬೇಗ ಆಗುತ್ತಿತ್ತು. ಟೇಪ್‌ರೆಕಾರ್ಡರಿನಲ್ಲಿ ರಾಜ್‌ಕುಮಾರ್ ಹಾಡು, ಊರಿನಿಂದ ಬಂದವರು ತಂದ ‘ಸುಧಾ’, ‘ರೂಪತಾರಾ’. ಕಲಾವಿದರೊಬ್ಬರು ತೀರಿಕೊಂಡರೆ ಪತ್ರಿಕೆಯ ಫೋಟೊ ಕತ್ತರಿಸಿ ದೇವರ ಗೂಡಿನ ಪಕ್ಕ ಅಂಟಿಸಿ ಒಂದು ಹೂವಿಡುವುದು, ಸಂಜೆ ನಾಲ್ಕು ಜನ ಸೇರಿ ಅವರ ಹಾಡು ಹೇಳುವುದು. ಅದಕ್ಕೆ ನುಡಿನಮನ ಎಂದೂ ಹೆಸರು, ಗೀತನಮನ ಎಂದೂ ಹೆಸರು.

ಆ ಮನೆಗಳೂ ಈಗ ಉಳಿದಿಲ್ಲ. 2016ರ ಜುಲೈಯಲ್ಲಿ ಕೇಂದ್ರ ಸಂಪುಟ ಸರೋಜಿನಿ ನಗರವೂ ಸೇರಿ ಏಳು ಕಾಲೊನಿಗಳ 12,970 ಹಳೆಯ ಕ್ವಾರ್ಟರ್ಸ್ ಕೆಡವಿ ಹೊಸದಾಗಿ ಕಟ್ಟಲು ಒಪ್ಪಿಗೆ ಕೊಟ್ಟಿತು. 2018ರಲ್ಲಿ ಮರಗಳ ವಿಷಯಕ್ಕೆ ಹೈಕೋರ್ಟ್ ತಡೆ ಬಂತು, ಬೇವಿನ ಮರಗಳಿಗಾಗಿ ಜನ ಬೀದಿಗಿಳಿದರು. ಎರಡಂತಸ್ತಿನ ಹಳೆಯ ಸಾಲುಮನೆಗಳಿದ್ದ ಕಡೆ ಈಗ ಗೋಪುರದಂಥ ಕಟ್ಟಡಗಳು. ನಿವೃತ್ತಿಯಾದೊಡನೆ ಬೀಗದಕೈ ಒಪ್ಪಿಸಿ ಹೋಗಬೇಕಾದವರಿಗೆ ನೆಲವನ್ನು ನಂಬಿ ನೆನಪಿಡುವುದು ಎಂದೂ ಸಾಧ್ಯವಿರಲಿಲ್ಲ. ಏಪ್ರಿಲ್ 12, ಅಕ್ಟೋಬರ್ 29, ಡಿಸೆಂಬರ್ 30 ಎಂಬ ತಾರೀಖುಗಳನ್ನಷ್ಟೇ ಅವರು ಮನೆಯಿಂದ ಮನೆಗೆ ಸಾಮಾನಿನ ಜೊತೆ ಸಾಗಿಸಿದರು.

ಆದರೆ ಈ ತಾರೀಖುಗಳ ಪಟ್ಟಿಯಲ್ಲಿ ಒಂದು ದೊಡ್ಡ ಲೋಪವಿದೆ: ಹೆಣ್ಣುಮಕ್ಕಳ ಹೆಸರಿಲ್ಲ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಜೊತೆ ನಟಿಸಿದ ಪಂಡರೀಬಾಯಿ 2003ರ ಜನವರಿ 29ರಂದು ತೀರಿಕೊಂಡರು. ಮಿನುಗುತಾರೆ ಕಲ್ಪನಾ 1979ರ ಮೇ ತಿಂಗಳಲ್ಲಿ ಹೋದರು. ಇವರು ತೀರಿಕೊಂಡ ದಿನಗಳಂದು ಅನ್ನಸಂತರ್ಪಣೆ ಎಷ್ಟು ಕಡೆ ನಡೆಯುತ್ತದೆ? ಲೀಲಾವತಿ 2023ರ ಡಿಸೆಂಬರಿನಲ್ಲಿ ತೀರಿಕೊಂಡ ಮೇಲೆ ಸೋಲದೇವನಹಳ್ಳಿಯಲ್ಲಿ ಸ್ಮಾರಕ ಕಟ್ಟಲು ಮಗ ವಿನೋದ್ ರಾಜ್ ಅವರೇ ನಿಲ್ಲಬೇಕಾಯಿತು. ಅಭಿಮಾನಿ ಸಂಘಗಳು ಗಂಡಸರ ಸಂಘಗಳಾಗಿ ಬೆಳೆದದ್ದು ಇದಕ್ಕೆ ಮುಖ್ಯ ಕಾರಣ ಎಂದು ನನ್ನ ತೀರ್ಮಾನ. ಆತಕೂರಿನ ಗೊರವನಿಗೆ ಹೇಳಿದ ಮಾತು ಇಲ್ಲಿ ನಮಗೂ ಅನ್ವಯಿಸುತ್ತದೆ.

ದೆಹಲಿಯ ಕನ್ನಡದ ಹಿರಿಯರಲ್ಲಿ ಒಂದು ವಿನಂತಿ. ಕ್ವಾರ್ಟರ್ಸ್ ಖಾಲಿ ಮಾಡುವಾಗ ಟ್ರಂಕಿನ ತಳದಲ್ಲಿ ಹಳೆಯ ನುಡಿನಮನದ ಆಹ್ವಾನಪತ್ರಿಕೆ, ಗೀತನಮನದ ಕ್ಯಾಸೆಟ್, ಫೋಟೊ ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹಿಂಬದಿಯಲ್ಲಿ ತಾರೀಖು, ಜಾಗ, ಹಾಡಿದವರ ಹೆಸರು ಬರೆದು, ಹತ್ತಿರದ ಕನ್ನಡ ಸಂಘಕ್ಕೋ ಗ್ರಂಥಾಲಯಕ್ಕೋ ತಲುಪಿಸಿ.