ದೇಹ ಮದರಾಸಿಗೆ, ಹೃದಯ ಜುಲ್ಫಾಕ್ಕೆ

ಚೆನ್ನೈನ ಜಾರ್ಜ್ ಟೌನಿನಲ್ಲಿ ಆರ್ಮೇನಿಯನ್ ಬೀದಿ ಎಂಬ ಇಕ್ಕಟ್ಟಾದ ರಸ್ತೆಯೊಂದಿದೆ. ಹೆಸರು ಕೇಳಿ ಅಲ್ಲಿ ಆರ್ಮೇನಿಯನ್ನರ ಮನೆಗಳನ್ನು ಹುಡುಕಿದರೆ ನಿರಾಶೆಯಾದೀತು. ಆ ಜನರ ಗುರುತಾಗಿ ಉಳಿದಿರುವುದು 1772ರಲ್ಲಿ ಕಟ್ಟಿದ ಚರ್ಚು, ಆರು ಘಂಟೆಗಳ ಗೋಪುರ ಮತ್ತು ಅಂಗಳದ ಸಮಾಧಿಗಳು. ಇವರು ಯಾರು? ಇಷ್ಟು ದೂರ ಏಕೆ ಬಂದರು? ಊರೂರು ಅಲೆಯುವ ವರ್ತಕರು ಇಲ್ಲಿ ಒಂದು ಸಮುದಾಯವಾದದ್ದಾದರೂ ಹೇಗೆ?

ಇವರ ಕಥೆ ಆರಂಭವಾಗುವುದು ಅರಸ್ ನದಿಯ ದಡದ ಜುಲ್ಫಾ ಪಟ್ಟಣದಲ್ಲಿ. ತುರ್ಕರೊಡನೆ ಯುದ್ಧ ನಡೆಸುತ್ತಿದ್ದ ಪರ್ಷಿಯಾದ ದೊರೆ ಷಾ ಅಬ್ಬಾಸನು 1604–05ರಲ್ಲಿ ಆ ಊರನ್ನು ಬರಿದು ಮಾಡಿಸಿ, ಜನರನ್ನು ತನ್ನ ರಾಜಧಾನಿ ಇಸ್ಫಹಾನಿಗೆ ಸಾಗಿಸಿದನು. ಅಲ್ಲಿ ತಲೆಯೆತ್ತಿದ ಅವರ ಊರೇ ಹೊಸ ಜುಲ್ಫಾ. ರೇಷ್ಮೆ ವ್ಯಾಪಾರದಿಂದ ಸಿರಿವಂತರಾದ ಅಲ್ಲಿನ ಮನೆತನಗಳು ಬಂಡವಾಳ ಕೊಟ್ಟು ತಮ್ಮ ಪ್ರತಿನಿಧಿಗಳನ್ನು ದೂರದ ಬಂದರುಗಳಿಗೆ ಕಳುಹಿಸುತ್ತಿದ್ದವು. ಅಂಥ ಬಂದರುಗಳಲ್ಲಿ ಮದರಾಸೂ ಒಂದು.

1688ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಲಂಡನ್ನಿನಲ್ಲಿ ಆರ್ಮೇನಿಯನ್ ವರ್ತಕರೊಡನೆ ಒಪ್ಪಂದ ಮಾಡಿಕೊಂಡಿತು. ಕಂಪನಿಯ ನೆಲೆಗಳಲ್ಲಿ ಇಂಗ್ಲಿಷರಂತೆಯೇ ವಾಸಿಸುವ, ವ್ಯಾಪಾರ ಮಾಡುವ ಹಕ್ಕು ಅವರಿಗೆ ದೊರೆಯಿತು. ಇನ್ನೊಂದು ಕುತೂಹಲದ ಷರತ್ತಿತ್ತು. ಯಾವುದೇ ನೆಲೆಯಲ್ಲಿ 40 ಮಂದಿ ಆರ್ಮೇನಿಯನ್ನರು ಸೇರಿದರೆ ಕಂಪನಿಯೇ ಅವರಿಗೊಂದು ಚರ್ಚು ಕಟ್ಟಿಸಿಕೊಟ್ಟು, ಪಾದ್ರಿಗೆ ಏಳು ವರ್ಷ ವರ್ಷಕ್ಕೆ 50 ಪೌಂಡ್ ಕೊಡಬೇಕು! ಪ್ರಯೋಗಶಾಲೆಯಲ್ಲಿ ಸಾಂದ್ರ ದ್ರಾವಣಕ್ಕೆ ಪುಟ್ಟ ಹರಳೊಂದನ್ನು ಇಳಿಬಿಟ್ಟರೆ ಅದರ ಸುತ್ತ ದೊಡ್ಡ ಹರಳು ಕಟ್ಟುವುದನ್ನು ವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ಇಲ್ಲಿ ಆ ಪುಟ್ಟ ಹರಳು ಚರ್ಚು. ಮದರಾಸಿನಲ್ಲಿ ಅವರ ಮೊದಲ ಚರ್ಚು ಎದ್ದದ್ದು 1712ರಲ್ಲಿ.

ಬಂದವರು ನಿಂತರು, ನಿಂತವರು ಊರಿಗಾಗಿಯೂ ಕಟ್ಟಿದರು. ಖೋಜಾ ಪೆಟ್ರಸ್ ಉಸ್ಕಾನ್ ಎಂಬ ವರ್ತಕ 1726ರಲ್ಲಿ ಅಡ್ಯಾರ್ ನದಿಗೆ ಸ್ವಂತ ಹಣದಿಂದ ಸೇತುವೆ ಕಟ್ಟಿಸಿದನು. ಈಗಿನ ಮರೈಮಲೈ ಅಡಿಗಳ್ ಸೇತುವೆ ಇರುವುದು ಅದೇ ಸ್ಥಳದಲ್ಲಿ. ಸೇಂಟ್ ಥಾಮಸ್ ಮೌಂಟ್ ಬೆಟ್ಟಕ್ಕೆ ಮೆಟ್ಟಿಲು ಹಾಕಿಸಿದವನೂ ಅವನೇ. 1746ರಲ್ಲಿ ಫ್ರೆಂಚರು ನಗರವನ್ನು ಹಿಡಿದಾಗ ಅವರ ಪಕ್ಷ ಸೇರಲೊಪ್ಪದೆ ಆಸ್ತಿ ಕಳೆದುಕೊಂಡನು. ಆದರೂ 1749ರಲ್ಲಿ ನಗರವು ಇಂಗ್ಲಿಷರಿಗೆ ಮರಳಿದಾಗ, ಆರ್ಮೇನಿಯನ್ನರು ಶತ್ರುಗಳಿಗೆ ನೆರವಾದರೆಂಬ ಗುಮಾನಿ ಹುಟ್ಟಿತು. ಕೋಟೆಯ ವೈಟ್ ಟೌನಿನಲ್ಲಿ ಅವರಿಗೆ ಎಡೆಯಿಲ್ಲದಾಯಿತು. ಇಂದಿನ ಚರ್ಚು ಕೋಟೆಯ ಹೊರಗಿರುವುದರ ಹಿಂದೆ ಈ ನೋವಿದೆ.

ಉಸ್ಕಾನ್ 1751ರಲ್ಲಿ ತೀರಿಕೊಂಡನು. ಅವನ ಇಚ್ಛೆಯಂತೆ ದೇಹವನ್ನು ಮದರಾಸಿನಲ್ಲಿ ಮಣ್ಣು ಮಾಡಿ, ಹೃದಯವನ್ನು ಜುಲ್ಫಾಕ್ಕೆ ಕಳುಹಿಸಲಾಯಿತು. ಆ ಹುಟ್ಟೂರಾದರೂ ವಲಸೆ ಬಂದವರೇ ಕಟ್ಟಿದ್ದಲ್ಲವೇ?

ಮುಂದಿನ ತಲೆಮಾರು ಹೃದಯದ ಬದಲು ಅಕ್ಷರವನ್ನು ಕಳುಹಿಸಿತು. ಶಹಾಮೀರ್ ಶಹಾಮೀರಿಯನ್ ಎಂಬ ವರ್ತಕ 1772ರಲ್ಲಿ ಮದರಾಸಿನಲ್ಲಿ ಮುದ್ರಣಾಲಯ ಸ್ಥಾಪಿಸಿದನು. ಅಲ್ಲಿ ಅಚ್ಚಾದ ಗ್ರಂಥಗಳಲ್ಲಿ ಒಂದು, ಸ್ವತಂತ್ರ ಆರ್ಮೇನಿಯಾಕ್ಕೆ ಬರೆದ ಸಂವಿಧಾನದ ಕರಡು. ಚುನಾಯಿತ ಸಭೆ, ಆಳುವವನನ್ನೂ ಕಟ್ಟಿಹಾಕುವ ಕಾನೂನು ಎಲ್ಲವೂ ಅದರಲ್ಲಿದ್ದವು. ಆಗ ಇಲ್ಲದಿದ್ದದ್ದು ಆ ದೇಶವೊಂದೇ.

1794ರ ಅಕ್ಟೋಬರಿನಲ್ಲಿ ಹರೂತ್ಯುನ್ ಷ್ಮಾವೋನಿಯನ್ ಎಂಬ ಪಾದ್ರಿ ‘ಅಜ್ದರಾರ್’ ಮಾಸಪತ್ರಿಕೆಯನ್ನು ಹೊರತಂದನು. ಶಿರಾಜಿನವನಾದ ಆತ ತನ್ನ ಇಬ್ಬರು ಮಕ್ಕಳನ್ನು ಕಳೆದುಕೊಂಡಿದ್ದನು. ಪ್ರಪಂಚದಲ್ಲೇ ಆರ್ಮೇನಿಯನ್ ಭಾಷೆಯ ಮೊದಲ ನಿಯತಕಾಲಿಕ ಅದು. ತಾಯ್ನಾಡಿನಲ್ಲಿ ಅಲ್ಲ, ಮದರಾಸಿನಲ್ಲಿ! ಹದಿನೆಂಟು ಸಂಚಿಕೆಗಳ ನಂತರ 1796ರಲ್ಲಿ ನಿಂತುಹೋಯಿತು. ಸಂಪಾದಕನ ಸಮಾಧಿ ಅದೇ ಚರ್ಚಿನ ಅಂಗಳದಲ್ಲಿದೆ.

ನಮ್ಮ ವೃತ್ತಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ, ಎಷ್ಟು ಮಂದಿ ನೋಡಿದರು ಎಂಬುದು. ಷ್ಮಾವೋನಿಯನ್ನನ ಓದುಗರು ಒಂದು ಸಣ್ಣ ಗುಂಪು. ಆದರೆ 1991ರಲ್ಲಿ ಆರ್ಮೇನಿಯಾ ಸ್ವತಂತ್ರವಾದಾಗ, ಅದರ ಪತ್ರಿಕೋದ್ಯಮದ ಮೊದಲ ಪುಟ ಎರಡು ಶತಮಾನಗಳ ಹಿಂದೆಯೇ ನಮ್ಮ ನೆರೆಯ ನಗರದಲ್ಲಿ ಅಚ್ಚಾಗಿತ್ತು.