ಪ್ಲಗ್ಗಿನ ಬಣ್ಣವೂ ಒಂದು ದಾಖಲೆ

ಇತಿಹಾಸಕ್ಕೆ ಆಧಾರಗಳು ಯಾವುವು ಎಂದು ಕೇಳಿದರೆ ನೀವು ಶಾಸನ, ನಾಣ್ಯ, ತಾಳೆಗರಿ ಎಂದು ಉತ್ತರಿಸುತ್ತೀರಿ. ಯಂತ್ರಗಳ ಇತಿಹಾಸಕ್ಕೂ ಆಧಾರಗಳುಂಟು. ಹಳೆಯ ಮೋಟಾರ್‌ಸೈಕಲ್ಲಿನಿಂದ ಬಿಚ್ಚಿದ ಸ್ಪಾರ್ಕ್ ಪ್ಲಗ್ ಅಂಥದೊಂದು ಆಧಾರ. ಎಂಜಿನ್ನಿನೊಳಗೆ ಏನು ನಡೆದಿದೆ ಎಂಬುದನ್ನು ಅದರ ತುದಿಯ ಬಣ್ಣ ತಿಳಿಸುತ್ತದೆ. ಆದರೆ ಶಾಸನ ಓದುವವನಿಗೆ ಅದರ ಕಾಲದ ಲಿಪಿ ತಿಳಿದಿರಬೇಕು. ಹಾಗೆಯೇ ಪ್ಲಗ್ ಓದುವವನಿಗೆ ಅದು ಉರಿಸಿದ ಪೆಟ್ರೋಲಿನ ವಿಚಾರ ತಿಳಿದಿರಬೇಕು.

ದಕ್ಷಿಣ ಬೆಂಗಳೂರಿನವರಿಗೆ ಈ ವಿಷಯ ದೂರದ್ದೇನಲ್ಲ. ಬಿ.ಟಿ.ಎಂ. ಲೇಔಟಿನ ಭಾಗವಾದ ಮೈಕೊ ಲೇಔಟಿನ ಹೆಸರನ್ನು ಗಮನಿಸಿ. ಮೈಕೊ ಎಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ. 1951ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ, ಜರ್ಮನಿಯ ಬಾಷ್ ಕಂಪನಿಯ ಸಹಯೋಗದಿಂದ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್‌ಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಇದೇ ಬಾಷ್ ಸಂಸ್ಥೆಯ ಎಂಜಿನಿಯರ್ ಗಾಟ್‌ಲಾಬ್ ಹೊನೊಲ್ಡ್ 1902ರಲ್ಲಿ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಅದಕ್ಕೊಪ್ಪುವ ಪ್ಲಗ್ಗನ್ನು ರೂಪಿಸಿದ್ದರು. ಇತ್ತ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ತಯಾರಿಸಿತು. ಜಯನಗರ, ಬನಶಂಕರಿಯ ರಸ್ತೆಗಳಲ್ಲಿ ಅವುಗಳ ಟು-ಸ್ಟ್ರೋಕ್ ಸದ್ದು ಇಂದಿಗೂ ಆಗೀಗ ಕೇಳಿಸುತ್ತದೆ.

ಪ್ಲಗ್ಗಿನ ಮಧ್ಯದ ಲೋಹದ ಕಡ್ಡಿಯ ಸುತ್ತ ಪಿಂಗಾಣಿಯ ಕವಚವಿರುತ್ತದೆ. ಇದರ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾದರೆ ಅಂಟಿದ ಮಸಿ ತಾನಾಗಿ ಉರಿದುಹೋಗುತ್ತದೆ. ಸುಮಾರು 900 ಡಿಗ್ರಿ ಮೀರಿದರೆ ಕಿಡಿ ಹಾರುವ ಮೊದಲೇ ಪೆಟ್ರೋಲು ಹೊತ್ತಿಕೊಳ್ಳುವ ಅಪಾಯವಿದೆ. ಆದ್ದರಿಂದ ಒಣ ಕಪ್ಪು ಮಸಿ ಕಂಡರೆ ಪೆಟ್ರೋಲು ಹೆಚ್ಚಾಗಿದೆ ಅಥವಾ ಪ್ಲಗ್ ಸಾಕಷ್ಟು ಬಿಸಿಯಾಗಿಲ್ಲ ಎಂದರ್ಥ. ಜಿಡ್ಡಿನ ಒದ್ದೆ ಇದ್ದರೆ ಆಯಿಲ್ ಹೆಚ್ಚಾಗಿರಬಹುದು, ಅಥವಾ ಸವೆದ ಸೀಲಿನ ಮೂಲಕ ಗೇರ್‌ಬಾಕ್ಸಿನ ಆಯಿಲ್ ಒಳಬರುತ್ತಿರಬಹುದು. ಸುಣ್ಣದಂತೆ ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ಎಂಜಿನ್ ಅತಿಯಾಗಿ ಕಾದಿದೆ. ಕಾಫಿ ಬಣ್ಣವಿದ್ದರೆ ಎಲ್ಲವೂ ಸರಿ ಎಂಬುದು ಹಳೆಯ ಮೆಕ್ಯಾನಿಕ್‌ಗಳ ಸೂತ್ರ.

ಈ ಸೂತ್ರ ಹುಟ್ಟಿದ ಕಾಲದಲ್ಲಿ ಪೆಟ್ರೋಲಿನಲ್ಲಿ ಸೀಸದ ಸಂಯುಕ್ತವಿತ್ತು. ಆ ಕಂದು ಬಣ್ಣದಲ್ಲಿ ಸೀಸದ ಪಾಲೂ ಇತ್ತು. 2000ನೇ ಇಸವಿಯ ಹೊತ್ತಿಗೆ ಭಾರತದಲ್ಲಿ ಸೀಸರಹಿತ ಪೆಟ್ರೋಲು ಬಂದಿತು. ಆ ಮೇಲೆ ಸರಿಯಾಗಿ ಓಡುವ ಎಂಜಿನ್ನಿನ ಪ್ಲಗ್ಗೂ ಹಿಂದಿಗಿಂತ ಮಸುಕಾಗಿಯೇ ಕಾಣುತ್ತದೆ. ಈಗ ಪೆಟ್ರೋಲಿಗೆ ಎಥೆನಾಲ್ ಬೆರೆಸಲಾಗುತ್ತಿದೆ. ಎಥೆನಾಲಿನ ಅಣುವಿನಲ್ಲಿಯೇ ಆಮ್ಲಜನಕವಿರುವುದರಿಂದ, ಹಳೆಯ ಕಾರ್ಬುರೇಟರಿನ ಅದೇ ಜೆಟ್‌ನಿಂದ ಬರುವ ಮಿಶ್ರಣದಲ್ಲಿ ಇಂಧನದ ಅಂಶ ಕಡಿಮೆ ಬೀಳುತ್ತದೆ. ಊರಿನ ಎತ್ತರವನ್ನೂ ಮರೆಯುವಂತಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿಯ ಗಾಳಿ ತೆಳು. ಇಲ್ಲಿ ಸರಿಹೊಂದಿಸಿದ ಬೈಕು ಮಂಗಳೂರಿಗೆ ಇಳಿದಾಗ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ.

ಇದು ಕೇವಲ ಬಣ್ಣದ ಚರ್ಚೆಯಲ್ಲ. ಜಾವಾ, ಯೆಜ್ಡಿಗಳಲ್ಲಿ ಆಯಿಲನ್ನು ಪೆಟ್ರೋಲಿನಲ್ಲಿಯೇ ಬೆರೆಸುತ್ತಾರೆ. ಪೆಟ್ರೋಲು ಕಡಿಮೆಯಾದರೆ ಪಿಸ್ಟನ್ನಿಗೆ ತಲುಪುವ ಆಯಿಲೂ ಕಡಿಮೆ. ಬಿಸಿ ಏರಿ ಪಿಸ್ಟನ್ ಜಾಮ್ ಆದರೆ ಓಡುತ್ತಿರುವ ಬೈಕಿನ ಹಿಂದಿನ ಚಕ್ರ ಥಟ್ಟನೆ ನಿಲ್ಲುತ್ತದೆ. ಮಸುಕು ಬಣ್ಣ ಸಹಜವೋ ಅಪಾಯವೋ ಎಂದು ಗುರುತಿಸುವುದರಲ್ಲಿ ಸವಾರನ ಪ್ರಾಣವೇ ಅಡಗಿದೆ.

ಪ್ಲಗ್ಗಿನ ಮೇಲಿನ ಅಂಕಿಯೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಹಳೆಯ ಮೈಕೊ ಪ್ಲಗ್‌ಗಳಲ್ಲಿ 175, 225 ಎಂಬ ಸಂಖ್ಯೆಗಳಿದ್ದವು. ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ 'ಕೋಲ್ಡ್', ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವಂಥದು. ಹೊಸ ಪದ್ಧತಿಯಲ್ಲಿ 175ರ ಸ್ಥಾನಕ್ಕೆ 7, 225ರ ಸ್ಥಾನಕ್ಕೆ 5 ಬಂದಿತು. ಈಗ ಸಂಖ್ಯೆ ಚಿಕ್ಕದಾದಷ್ಟೂ ಪ್ಲಗ್ ಕೋಲ್ಡ್. ಹಳೆಯ ನಿಯಮವನ್ನು ಹೊಸ ಪ್ಲಗ್ಗಿಗೆ ಅನ್ವಯಿಸಿದರೆ ಆಯ್ಕೆ ತಿರುಗುಮುರುಗಾಗುತ್ತದೆ.

ನಿಮ್ಮ ತಾತನವರ ಬೈಕಿನ ಪ್ಲಗ್ಗನ್ನು ನೀವೇ ಓದಬೇಕೆ? ಸಿಗ್ನಲ್‌ಗಳಲ್ಲಿ ನಿಂತು ನಿಂತು ಬಂದ ಬೈಕಿನ ಪ್ಲಗ್ ಹೇಗೂ ಕಪ್ಪಾಗಿರುತ್ತದೆ, ಅದನ್ನು ನಂಬಬೇಡಿ. ಎಂಜಿನ್ ಚೆನ್ನಾಗಿ ಕಾದ ಮೇಲೆ, ಜನಸಂಚಾರವಿಲ್ಲದ ಸುರಕ್ಷಿತ ಜಾಗದಲ್ಲಿ, ಅನುಭವಿ ಸವಾರರೊಬ್ಬರು ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಇಗ್ನಿಷನ್ ಆರಿಸಲಿ. ಪ್ಲಗ್ ತಣ್ಣಗಾದ ನಂತರ ಬಿಚ್ಚಿ, ಪಿಂಗಾಣಿಯ ತುದಿಯನ್ನು ಮಾತ್ರವಲ್ಲದೆ ಒಳಗಿನ ಬುಡವನ್ನೂ ನೋಡಿ. ಸೀಸರಹಿತ ಪೆಟ್ರೋಲಿನಲ್ಲಿ ಅಲ್ಲಿಯ ಮಸಿಯ ಉಂಗುರವೇ ಹೆಚ್ಚು ನಂಬಿಕೆಗೆ ಅರ್ಹ. ನೋಡಿದ ಬಣ್ಣದ ಜೊತೆಗೆ ದಿನಾಂಕ, ಪೆಟ್ರೋಲಿನ ಬಗೆ, ಆಯಿಲಿನ ಪ್ರಮಾಣ, ಜೆಟ್‌ನ ಸಂಖ್ಯೆ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಬಾರಿ ಹೋಲಿಸಿ ನೋಡಲು ಅದು ನೆರವಾಗುತ್ತದೆ.