ಬಂದೂಕು ಕೆಳಗಿಟ್ಟು ಪೆನ್ಸಿಲ್ ಹಿಡಿದ ಕ್ರಿಸ್‌ಮಸ್

ಟಿಲ್ಲರ್ ಗದ್ದೆಗೆ ಇಳಿದರೆ ಸಾಕು, ಎಲ್ಲಿದ್ದವೋ ಏನೋ, ಹತ್ತಿಪ್ಪತ್ತು ಬೆಳ್ಳಕ್ಕಿಗಳು ಹಿಂದೆಯೇ ಹಾಜರು. ನಮ್ಮೂರಲ್ಲಿ ಯಾರೂ ಅವನ್ನು ಎಣಿಸುವುದಿಲ್ಲ. ದಿನಾ ಕಾಣುವುದನ್ನು ಯಾರು ಎಣಿಸುತ್ತಾರೆ? ಆದರೆ ನೂರಿಪ್ಪತ್ತು ವರ್ಷದ ಹಿಂದೆ ಇದೇ ಕುಲದ ಹಕ್ಕಿಗಳನ್ನು ಕಾಯಲು ಹೋಗಿ ಅಮೆರಿಕದಲ್ಲಿ ಒಬ್ಬ ಗುಂಡೇಟಿಗೆ ಸತ್ತ. ಕ್ರಿಸ್‌ಮಸ್ ದಿನ ಪಾರ್ಕಿಗೆ, ಕಡಲ ದಂಡೆಗೆ ಹೋಗಿ ಹಕ್ಕಿ ಎಣಿಸುವ ಪದ್ಧತಿ ಅಲ್ಲಿ ಶುರುವಾದದ್ದೂ ಅದೇ ದಿನಗಳಲ್ಲಿ.

ಕಥೆ ಶುರುವಾಗುವುದು ನ್ಯೂಯಾರ್ಕ್ ಪೇಟೆಬೀದಿಯಲ್ಲಿ. 1886ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ಯುವಕ ಬ್ಯಾಂಕ್ ನೌಕರಿಯಲ್ಲಿದ್ದ. ಕಾಲೇಜು ಮೆಟ್ಟಿಲು ಹತ್ತಿದವನಲ್ಲ, ಆದರೆ ಹಕ್ಕಿಗಳ ಹುಚ್ಚು. ಎರಡು ಸಂಜೆ ಅಂಗಡಿಸಾಲಿನಲ್ಲಿ ಸುಮ್ಮನೆ ನಡೆಯುತ್ತ ಹೆಂಗಸರ ಟೊಪ್ಪಿಗಳನ್ನು ಎಣಿಸಿದ. 700 ಟೊಪ್ಪಿಗಳಲ್ಲಿ 542ರ ಮೇಲೆ ಹಕ್ಕಿಯ ಗರಿಯೋ, ರೆಕ್ಕೆಯೋ, ಕೆಲವದರ ಮೇಲೆ ಇಡೀ ಹಕ್ಕಿಯೋ ಇತ್ತು. ಮರಕುಟಿಗ, ಗೂಬೆ, ಕಡಲಂಚಿನ ರೀವ ಎಲ್ಲ ಸೇರಿ ಒಟ್ಟು 40 ಜಾತಿ ಗುರುತಿಸಿದ. ಒಂದು ಊರಿನ ಹಕ್ಕಿಪಟ್ಟಿಯನ್ನು ಹೆಂಗಸರ ತಲೆ ಮೇಲಿಂದ ಬರೆದುಕೊಂಡ ಹಾಗೆ! ಆ ವರ್ಷವೇ ಬ್ಯಾಂಕ್ ಕೆಲಸ ಬಿಟ್ಟ. ಮುಂದೆ ಅಲ್ಲಿನ ನೈಸರ್ಗಿಕ ಇತಿಹಾಸ ಮ್ಯೂಸಿಯಂ ಸೇರಿ ದೊಡ್ಡ ಪಕ್ಷಿತಜ್ಞನಾದ.

ಎಲ್ಲಕ್ಕಿಂತ ಬೇಡಿಕೆ ಇದ್ದದ್ದು ಬೆಳ್ಳಕ್ಕಿಯ ಗರಿಗೆ. ಮರಿ ಮಾಡುವ ಕಾಲದಲ್ಲಿ ಮಾತ್ರ ಅದರ ಬೆನ್ನ ಮೇಲೆ ಜಾಲರಿಯಂಥ ತೆಳು ಗರಿಗಳು ಮೂಡುತ್ತವೆ. ಹಾಗಾಗಿ ಬೇಟೆಗಾರರು ಹೋಗುತ್ತಿದ್ದದ್ದೇ ಗೂಡಿದ್ದ ಜಾಗಕ್ಕೆ. ತಾಯಿ ತಂದೆ ಎರಡನ್ನೂ ಹೊಡೆದರೆ ಮರಿಗಳು ಗೂಡಿನಲ್ಲೇ ಹಸಿದು ಸಾಯುತ್ತಿದ್ದವು. 1903ರ ಹೊತ್ತಿಗೆ ಬೇಟೆಗಾರನಿಗೆ ಒಂದು ಔನ್ಸ್ ಗರಿಗೆ 32 ಡಾಲರ್ ಸಿಗುತ್ತಿತ್ತು. ಆಗ ಒಂದು ಔನ್ಸ್ ಚಿನ್ನದ ಬೆಲೆ 21 ಡಾಲರ್ ಕೂಡ ಇರಲಿಲ್ಲ. ಫ್ಲಾರಿಡಾದ ಜೌಗು ನೆಲದಲ್ಲಿ ಗೂಡುಗಳನ್ನು ಕಾಯಲು ಗೈ ಬ್ರಾಡ್ಲಿ ಎಂಬುವನನ್ನು ನೇಮಿಸಿದರು. ಅವನೂ ಹುಡುಗನಾಗಿದ್ದಾಗ ಗರಿ ಬೇಟೆಗೆ ಹೋದವನೇ, ಆಮೇಲೆ ಮನಸ್ಸು ಬದಲಿಸಿದ್ದ. 1905ರ ಜುಲೈನಲ್ಲಿ ಬೇಟೆಗಾರರನ್ನು ಹಿಡಿಯಲು ದೋಣಿಯಲ್ಲಿ ಹೋದವನು ಹೆಣವಾದ. ಹೊಡೆದವನಿಗೆ ಶಿಕ್ಷೆ ಆಗಲಿಲ್ಲ.

ಈ ವ್ಯಾಪಾರ ನಮ್ಮ ನೆಲವನ್ನೂ ಬಿಟ್ಟಿರಲಿಲ್ಲ. ಲಂಡನ್ ಹರಾಜಿಗೆ ಭಾರತದ ಗರಿಗಳೂ ಹೋಗುತ್ತಿದ್ದವು. 1902ರಲ್ಲಿ ಬ್ರಿಟಿಷ್ ಭಾರತ ಸರ್ಕಾರ ಕಾಡುಹಕ್ಕಿಗಳ ಗರಿ ಮತ್ತು ಚರ್ಮದ ರಫ್ತು ನಿಷೇಧಿಸಿತು. ಆದರೂ ಕದ್ದು ಸಾಗಿಸುವುದು ನಿಲ್ಲಲಿಲ್ಲ. ಸಿಂಧ್ ಕಡೆ ಬೆಳ್ಳಕ್ಕಿಗಳನ್ನು ಕೋಳಿ ಸಾಕಿದ ಹಾಗೆ ಸಾಕಿ ಗರಿ ಕೀಳುತ್ತಿದ್ದರು.

ಇನ್ನು ಕ್ರಿಸ್‌ಮಸ್ ವಿಷಯ. ಅಮೆರಿಕದ ಹಳ್ಳಿಗಳಲ್ಲಿ ಆ ದಿನ ‘ಸೈಡ್ ಹಂಟ್’ ಎಂಬ ಆಟ ನಡೆಯುತ್ತಿತ್ತು. ಗಂಡಸರು ಎರಡು ಪಕ್ಷವಾಗಿ ಬಂದೂಕು ಹಿಡಿದು ಹೊರಡುವುದು, ಕಂಡ ಪ್ರಾಣಿ ಪಕ್ಷಿಯನ್ನೆಲ್ಲ ಹೊಡೆಯುವುದು. ಸಂಜೆ ಯಾರ ರಾಶಿ ದೊಡ್ಡದೋ ಅವರು ಗೆದ್ದ ಹಾಗೆ. ನಮ್ಮಲ್ಲಿ ಕಾಡಂಚಿನ ಊರುಗಳ ಯುಗಾದಿ ಬೇಟೆಯ ಬಗ್ಗೆ ಅಜ್ಜಂದಿರಿಂದ ಕೇಳಿದವರಿಗೆ ಇದೇನೂ ಹೊಸದು ಅನಿಸಲಿಕ್ಕಿಲ್ಲ.

ಚಾಪ್‌ಮನ್ ಬೇಟೆ ಬೇಡ ಎಂದು ಭಾಷಣ ಮಾಡಲಿಲ್ಲ, ಆಟವನ್ನೇ ಬದಲಿಸಿದ. ನನಗೆ ಇಷ್ಟವಾದದ್ದು ಇದೇ. ತಾನು ನಡೆಸುತ್ತಿದ್ದ ‘ಬರ್ಡ್ ಲೋರ್’ ಪತ್ರಿಕೆಯ 1900ರ ಡಿಸೆಂಬರ್ ಸಂಚಿಕೆಯಲ್ಲಿ, ಈ ಸಲ ಹೊಡೆಯುವ ಬದಲು ಎಣಿಸಿ, ಲೆಕ್ಕ ನಮಗೆ ಕಳಿಸಿ ಎಂದು ಓದುಗರಿಗೆ ಕರೆ ಕೊಟ್ಟ. ಗುಂಪು, ಪೈಪೋಟಿ, ದಿನದ ಕೊನೆಯ ಲೆಕ್ಕ ಎಲ್ಲ ಹಾಗೇ ಉಳಿಯಿತು. ಬಂದೂಕು ಮಾತ್ರ ಹೋಯಿತು.

ಆ ಕ್ರಿಸ್‌ಮಸ್ ದಿನ ಹೊರಟವರು ಬರೀ 27 ಜನ. ಜಾಗ 25. ಕೆನಡಾದ ಟೊರಾಂಟೊದಿಂದ ಹಿಡಿದು ಕ್ಯಾಲಿಫೋರ್ನಿಯಾದ ಕಡಲೂರು ಪೆಸಿಫಿಕ್ ಗ್ರೋವ್ ತನಕ. ಹೆಚ್ಚಿನವರು ದೂರದ ಕಾಡಿಗೇನೂ ಹೋಗಲಿಲ್ಲ, ಮನೆ ಹತ್ತಿರದಲ್ಲೇ ಸುತ್ತಿದರು. ನ್ಯೂಯಾರ್ಕ್ ನಗರದ ನಡುವಿನ ಸೆಂಟ್ರಲ್ ಪಾರ್ಕ್ ಕೂಡ ಪಟ್ಟಿಯಲ್ಲಿತ್ತು. ಎಲ್ಲ ಸೇರಿ 90ರಷ್ಟು ಜಾತಿ, ಸುಮಾರು 18,500 ಹಕ್ಕಿ.

ಚಳಿಗಾಲ ಅಂದರೆ ಅಲ್ಲಿ ಹಿಮ. ಅಂಥದ್ದರಲ್ಲಿ ಏನು ಹಕ್ಕಿ ಸಿಗುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ನೋಡಿದರೆ ಅದೇ ಅನುಕೂಲ. ಎಲೆ ಉದುರಿದ ಮರದಲ್ಲಿ ಗೂಬೆ ಕೂತರೂ ಕಾಣುತ್ತದೆ. ಹೆಪ್ಪುಗಟ್ಟದ ನೀರು ಇದ್ದಲ್ಲಿ ಬಾತುಗಳು ಒಟ್ಟು ಸೇರುತ್ತವೆ. ಆರ್ಕ್ಟಿಕ್ ಕಡೆಯ ಬಾತು, ಹೆಬ್ಬಾತುಗಳಿಗೆ ನ್ಯೂಯಾರ್ಕ್ ಕಡಲ ದಂಡೆಯೇ ಬೆಚ್ಚಗಿನ ಊರು. ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವ ಜಮೈಕಾ ಬೇ ಎಂಬ ಹಿನ್ನೀರಿಗೆ ಜನ ಈಗಲೂ ಚಳಿಗಾಲದಲ್ಲಿ ದುರ್ಬೀನು ಹಿಡಿದು ಹೋಗುತ್ತಾರೆ. ಸೈಬೀರಿಯಾ ಕಡೆಯ ಉಲ್ಲಂಕಿಗಳು ನಮ್ಮ ಅಳಿವೆಗಳಿಗೆ ಬರುವ ಹಾಗೆಯೇ ಇದು.

ಈಗ ಲೆಕ್ಕಕ್ಕೆ ನಿಯಮಗಳಿವೆ. 24 ಕಿಲೋಮೀಟರ್ ಅಗಲದ ಒಂದು ವೃತ್ತ, ಡಿಸೆಂಬರ್ 14ರಿಂದ ಜನವರಿ 5ರೊಳಗಿನ ಒಂದು ದಿನ. ಜನ ಹೆಚ್ಚಿದರೆ ಹಕ್ಕಿಯೂ ಹೆಚ್ಚು ಕಾಣುವುದು ಸಹಜ. ಅದಕ್ಕೆ ಎಷ್ಟು ಗುಂಪು, ಎಷ್ಟು ಗಂಟೆ ಸುತ್ತಿತು ಎಂದೂ ಬರೆದಿಟ್ಟು, ಗಂಟೆಗೆ ಎಷ್ಟು ಎಂದು ಭಾಗಿಸುತ್ತಾರೆ. 27 ಜನರಿಂದ ಶುರುವಾದದ್ದಕ್ಕೆ ಈಗ ಹತ್ತಾರು ಸಾವಿರ ಜನ ಹೋಗುತ್ತಾರೆ.

ಇಷ್ಟು ವರ್ಷದ ಪಟ್ಟಿ ಒಟ್ಟಿಗೆ ಇಟ್ಟಾಗ ಯಾರೂ ನಿರೀಕ್ಷಿಸದ ಸಂಗತಿಗಳು ಹೊರಬಂದವು. ಸ್ಟಾರ್ಲಿಂಗ್ ಎಂಬ ಹಕ್ಕಿ ಇದೆ, ನಮ್ಮ ಗೊರವಂಕದ ನೆಂಟ. 1890 ಮತ್ತು 1891ರಲ್ಲಿ ಯೂರೋಪಿನಿಂದ ತಂದ ನೂರರಷ್ಟು ಸ್ಟಾರ್ಲಿಂಗ್‌ಗಳನ್ನು ಸೆಂಟ್ರಲ್ ಪಾರ್ಕಿನಲ್ಲಿ ಹಾರಿಬಿಟ್ಟಿದ್ದರು. ಅವು ಕೋಟಿಗಟ್ಟಲೆಯಾಗಿ ದೇಶವಿಡೀ ಹಬ್ಬಿದ ದಾರಿ ಈ ಪಟ್ಟಿಗಳಲ್ಲಿದೆ. 2009ರಲ್ಲಿ 40 ವರ್ಷದ ಲೆಕ್ಕ ತೆಗೆದು ನೋಡಿದರು. 305 ಜಾತಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಚಳಿಗಾಲ ಕಳೆಯುವ ಜಾಗವನ್ನು ಉತ್ತರಕ್ಕೆ ಸರಿಸಿಕೊಂಡಿದ್ದವು. ಚಳಿ ಕಡಿಮೆಯಾಗುತ್ತಿದೆ ಎಂಬುದನ್ನು ಹಕ್ಕಿಗಳು ಹೀಗೆ ಹೇಳಿದವು. 2019ರಲ್ಲಿ ಬಂದ ಇನ್ನೊಂದು ಅಧ್ಯಯನ ಈ ಲೆಕ್ಕವನ್ನೂ ಬೇರೆ ಸಮೀಕ್ಷೆಗಳನ್ನೂ ಸೇರಿಸಿ, 1970ರಿಂದ ಈಚೆಗೆ ಉತ್ತರ ಅಮೆರಿಕದಲ್ಲಿ ಸುಮಾರು 290 ಕೋಟಿ ಹಕ್ಕಿಗಳು ಕಡಿಮೆಯಾಗಿವೆ ಎಂದಿತು. ಕಡಿಮೆಯಾದವುಗಳಲ್ಲಿ ಹೆಚ್ಚಿನವು ದಿನಾ ಕಾಣುವ, ಯಾರೂ ಗಮನಿಸದ ಹಕ್ಕಿಗಳೇ. ಬೆಳ್ಳಕ್ಕಿಗಳ ಕಥೆ ಮಾತ್ರ ಬೇರೆ. 1918ರ ಕಾನೂನಿನ ರಕ್ಷಣೆ ಸಿಕ್ಕ ಮೇಲೆ ನಿಧಾನಕ್ಕೆ ಚೇತರಿಸಿಕೊಂಡವು. ಈಗ ನ್ಯೂಯಾರ್ಕ್ ಬಂದರಿನ ಸಣ್ಣ ದ್ವೀಪಗಳಲ್ಲೇ ಗೂಡು ಕಟ್ಟುತ್ತವೆ.

ನಮ್ಮಲ್ಲಿ ಇಂಥದ್ದು ಇಲ್ಲವೇ ಅಂತ ಕೇಳಿದರೆ, ಇದೆ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ. ಕೆರೆ, ಅಳಿವೆ, ಗಜನಿ ಗದ್ದೆ ಎಲ್ಲಿ ಬೇಕಾದರೂ ಎಣಿಸಬಹುದು. ಕಳೆದ ಜನವರಿಯಲ್ಲಿ ನಾನೂ ಬೆಳಿಗ್ಗೆ ಆರೂವರೆಗೆ ನಮ್ಮೂರ ಕೆರೆ ಏರಿ ಮೇಲೆ ನೋಟ್‌ಬುಕ್ ಹಿಡಿದು ನಿಂತೆ. ಹಾಲು ಹಾಕಲು ಹೊರಟಿದ್ದ ದೊಡ್ಡಪ್ಪ ಸೈಕಲ್ ನಿಲ್ಲಿಸಿ, “ಏನೋ, ಕೆರೆ ಸರ್ವೆಗೆ ಬಂದಿದ್ದೀಯ?” ಎಂದು ಕೇಳಿದರು. ಬೆಳ್ಳಕ್ಕಿ ಎಣಿಸುತ್ತಿದ್ದೇನೆ ಎಂದಾಗ ನಗುತ್ತ ಅವರೂ ನಿಂತರು. 34ರ ತನಕ ಬಂದಿತ್ತು. ಅಷ್ಟರಲ್ಲಿ ಯಾರದೋ ನಾಯಿ ನೀರಿಗೆ ಹಾರಿತು, ಎಲ್ಲ ಒಟ್ಟಿಗೆ ಎದ್ದವು. ಮತ್ತೆ ಒಂದರಿಂದ ಶುರು. ಈ ಸಲ ದೊಡ್ಡಪ್ಪ ಎಣಿಸಿದರು, ನಾನು ಬರೆದುಕೊಂಡೆ.